ಚೀಟಿ ಸಿದ್ಧ ಇತ್ತು, ವಿಳಾಸ ಇರಲಿಲ್ಲ

ಸಾಫ್ಟ್‌ವೇರ್ ಕೆಲಸ ಮಾಡೋರಿಗೆಲ್ಲ ಪರಿಚಯ ಇರೋ ಮಾತು: “ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆಯಲ್ಲ!” ಕೋಡ್ ಬರೆದವನಿಗೆ ಅಲ್ಲಿಗೆ ಕೆಲಸ ಮುಗೀತು. ಅದನ್ನ ಪ್ರೊಡಕ್ಷನ್‌ಗೆ ಏರಿಸೋನಿಗೆ ಅಲ್ಲಿಂದಲೇ ಕೆಲಸ ಶುರು. ಎರಡರ ನಡುವೆ ಎಷ್ಟು ದೂರ ಇದೆ ಅಂತ ಶುಕ್ರವಾರ ಸಂಜೆ ರಿಲೀಸ್ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರೆ.

ವೈದ್ಯವಿಜ್ಞಾನದಲ್ಲಿ ಒಂದು ಸಲ ಆ ದೂರ ದಾಟೋಕೆ ಇಪ್ಪತ್ತು ವರ್ಷ ಬೇಕಾಯ್ತು. ಬೇಡದ ಜೀನೊಂದನ್ನು ಆರಿಸಿ ಅದರ ಬಾಯಿ ಮುಚ್ಚಿಸೋದು ಹೇಗೆ ಅಂತ 1998ರಲ್ಲೇ ಗೊತ್ತಾಗಿತ್ತು. ಅದಕ್ಕೆ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಅಂತ ಹೆಸರು, ಚಿಕ್ಕದಾಗಿ ಆರ್‌ಎನ್‌ಎಐ. ಎಂಟೇ ವರ್ಷದಲ್ಲಿ ನೊಬೆಲ್ ಕೂಡ ಬಂತು. ಆದರೆ ಆ ವಿದ್ಯೆ ಔಷಧಿಯಾಗಿ ಒಬ್ಬ ರೋಗಿಯ ತೋಳಿಗೆ ಇಳಿಯೋ ಹೊತ್ತಿಗೆ 2018 ಆಗಿತ್ತು. ನಡುವಿನ ಅಷ್ಟೂ ವರ್ಷ ವಿಜ್ಞಾನಿಗಳನ್ನ ಕಾಡಿದ್ದು ಕೊರಿಯರ್ ಹುಡುಗನ ಪ್ರಶ್ನೆ: ಇದನ್ನ ಮನೆಗೆ ಮುಟ್ಟಿಸೋದು ಹೇಗೆ?

ಕಥೆ ಶುರುವಾಗೋದು ಹೂವಿನಿಂದ. 1980ರ ದಶಕದ ಕೊನೆ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಡಿಎನ್‌ಎ ಪ್ಲಾಂಟ್ ಟೆಕ್ನಾಲಜಿ ಅಂತ ಒಂದು ಕಂಪನಿ. ಅಲ್ಲಿ ರಿಚರ್ಡ್ ಜಾರ್ಗೆನ್ಸನ್, ಕ್ಯಾರೊಲಿನ್ ನಪೋಲಿ ಮತ್ತವರ ಸಹೋದ್ಯೋಗಿಗಳು ಪೆಟೂನಿಯಾ ಗಿಡದ ಮೇಲೆ ಕೆಲಸ ಮಾಡ್ತಿದ್ರು. ಬೆಂಗಳೂರಿನ ಬಾಲ್ಕನಿ ಕುಂಡಗಳಲ್ಲಿ ಕಾಣ್ತೀವಲ್ಲ, ಅದೇ ಪೆಟೂನಿಯಾ. ನೇರಳೆ ಬಣ್ಣ ತಯಾರಿಸೋ ಜೀನಿನ ಇನ್ನೊಂದು ಪ್ರತಿಯನ್ನ ಗಿಡಕ್ಕೆ ಸೇರಿಸಿದರೆ ಹೂವಿನ ಬಣ್ಣ ಇನ್ನೂ ಗಾಢ ಆಗಬೇಕು ಅನ್ನೋದು ಲೆಕ್ಕ. ಆದದ್ದು ಉಲ್ಟಾ. ಜೀನ್ ಸೇರಿಸಿದ ಗಿಡಗಳಲ್ಲಿ ಶೇ. 42ರಷ್ಟು ಪೂರ್ತಿ ಬಿಳಿ ಹೂವನ್ನೋ, ಬಿಳಿಯ ಮತ್ತು ಮಾಸಲು ಪಟ್ಟೆಗಳ ಹೂವನ್ನೋ ಬಿಟ್ಟವು. ಹೊಸದಾಗಿ ಬಂದ ಜೀನು ತಾನೂ ಕೆಲಸ ಮಾಡ್ಲಿಲ್ಲ, ಮೊದಲಿಂದ ಮಾಡ್ತಿದ್ದ ಗಿಡದ ಸ್ವಂತ ಜೀನನ್ನೂ ಕೂರಿಸಿಬಿಡ್ತು. ಹೊಸ ಸೊಸೆ ಬಂದು ಇಡೀ ಮನೆಯ ಒಲೆಯನ್ನೇ ಆರಿಸಿದ ಹಾಗೆ. 1990ರಲ್ಲಿ ಇದು ಪ್ರಕಟವಾಯ್ತು. ಆಮ್‌ಸ್ಟರ್‌ಡ್ಯಾಮಿನ ಇನ್ನೊಂದು ತಂಡವೂ ಅದೇ ವರ್ಷ ಅದನ್ನೇ ವರದಿ ಮಾಡ್ತು. 1992ರಲ್ಲಿ ರೋಮ್‌ನ ವಿಜ್ಞಾನಿಗಳಿಗೆ ಕಿತ್ತಳೆ ಬಣ್ಣದ ಬೂಷ್ಟಿನಲ್ಲೂ ಇದೇ ಕಂಡಿತು. ಗಿಡದವರು ಒಂದು ಹೆಸರಿಟ್ಟರು, ಬೂಷ್ಟಿನವರು ಇನ್ನೊಂದು. ಕಾರಣ ಮಾತ್ರ ಇಬ್ಬರಿಗೂ ಗೊತ್ತಾಗ್ಲಿಲ್ಲ.

ಮುಂದಕ್ಕೆ ಹೋಗೋ ಮೊದಲು ಜೀವಕೋಶದ ಕಚೇರಿ ಹೇಗೆ ನಡೆಯುತ್ತೆ ಅಂತ ಒಂದು ನಿಮಿಷ ನೋಡೋಣ. ಡಿಎನ್‌ಎ ಅನ್ನೋದು ತಾಲ್ಲೂಕು ಕಚೇರಿಯ ಮೂಲ ದಾಖಲೆ ಇದ್ದ ಹಾಗೆ. ಅದು ಕೋಣೆ ಬಿಟ್ಟು ಹೊರಗೆ ಬರಲ್ಲ. ಯಾವ ಪ್ರೋಟೀನ್ ಬೇಕೋ ಆ ಪುಟದ ನಕಲು ಮಾತ್ರ ಹೊರಗೆ ಬರುತ್ತೆ, ಪಹಣಿ ನಕಲು ಬರೋ ಹಾಗೆ. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಹೊರಗಿರೋ ಯಂತ್ರಗಳು ಅದನ್ನ ಓದಿ ಪ್ರೋಟೀನ್ ತಯಾರಿಸ್ತವೆ. ಈಗ ನೀವು ನಕಲನ್ನ ಹರಿದು ಹಾಕಿದ್ರಿ ಅಂತಿಟ್ಕೊಳ್ಳಿ. ಮೂಲ ದಾಖಲೆಗೆ ಏನೂ ಆಗಲ್ಲ, ಕೆಲಸ ಮಾತ್ರ ನಿಲ್ಲುತ್ತೆ.

ಈ ನಕಲನ್ನ ಕೆಡಿಸೋಕೆ 1990ರ ದಶಕದಲ್ಲಿ ಒಂದು ಉಪಾಯ ಬಳಕೆಯಲ್ಲಿತ್ತು. ಆರ್‌ಎನ್‌ಎ ಒಂಟಿ ಎಳೆ. ಅದಕ್ಕೆ ಅಕ್ಷರಕ್ಕೆ ಅಕ್ಷರ ಜೋಡಿಯಾಗೋ ಪ್ರತಿ-ಎಳೆ ತಯಾರಿಸಿ ಒಳಗೆ ಬಿಟ್ಟರೆ ಎರಡೂ ಅಂಟಿಕೊಂಡು ನಕಲು ಓದೋಕೆ ಬರದ ಹಾಗಾಗುತ್ತೆ ಅನ್ನೋ ನಂಬಿಕೆ. 1995ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸು ಗುವೊ ಮತ್ತು ಕೆನ್ ಕೆಂಫ್ಯೂಸ್, ಸೀ ಎಲಿಗನ್ಸ್ ಅನ್ನೋ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದನ್ನ ಮಾಡಿದರು. ಹೋಲಿಕೆಗೆ ಅಂತ ಏನೂ ಪರಿಣಾಮ ಆಗಬಾರದ ಎಳೆಯನ್ನೂ, ಅಂದ್ರೆ ನಕಲಿನ ಹಾಗೇ ಇರೋ ಎಳೆಯನ್ನೂ, ಬೇರೆ ಹುಳಗಳಿಗೆ ಚುಚ್ಚಿದರು. ಅದೂ ಅಷ್ಟೇ ಚೆನ್ನಾಗಿ ಜೀನನ್ನ ಸುಮ್ಮನಾಗಿಸ್ತು! ಫೇಲ್ ಆಗಲೇಬೇಕಾದ ಟೆಸ್ಟ್ ಪಾಸ್ ಆದರೆ ನಮಗೆ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತಲ್ಲ, ಹಾಗೆ. ಅವರು ಅದನ್ನ ಮುಚ್ಚಿಡದೆ ಹಾಗೇ ಬರೆದು ಪ್ರಕಟಿಸಿದರು.

ಗಂಟು ಬಿಚ್ಚಿದ್ದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ. ಒಬ್ಬರು ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಯಲ್ಲಿ, ಇನ್ನೊಬ್ಬರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಅವರ ಗುಮಾನಿ ಇಷ್ಟೇ: ಪ್ರಯೋಗಾಲಯದಲ್ಲಿ ಒಂಟಿ ಎಳೆ ತಯಾರಿಸುವಾಗ ಸ್ವಲ್ಪ ಜೋಡಿ ಎಳೆಯೂ ಕಲಬೆರಕೆ ಆಗ್ತಿರಬಹುದು, ನಿಜವಾದ ಕೆಲಸ ಮಾಡ್ತಿರೋದು ಆ ಕಲಬೆರಕೆಯೇ ಇರಬಹುದು. ಎರಡೂ ಎಳೆಗಳನ್ನ ಶುದ್ಧ ಮಾಡಿ ಬೇರೆಬೇರೆಯಾಗಿ ಚುಚ್ಚಿದರು; ಹೇಳಿಕೊಳ್ಳೋವಂಥದ್ದೇನೂ ಆಗ್ಲಿಲ್ಲ. ಜೋಡಿಸಿ ಚುಚ್ಚಿದರು, ಹುಳದ ಮರಿಗಳು ಆ ಜೀನೇ ಇಲ್ಲದವರ ಹಾಗೆ ಅದುರೋಕೆ ಶುರು ಮಾಡಿದವು. ಅದೂ ಒಂದು ಕೋಶಕ್ಕೆ ಕೆಲವೇ ಅಣುಗಳು ಸಾಕಾಗಿದ್ದವು. 1998ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು.

ಮುಂದಿನ ಮೂರು ವರ್ಷದಲ್ಲಿ ಒಳಗಿನ ಯಂತ್ರ ಒಂದೊಂದಾಗಿ ಬಯಲಾಯ್ತು. ಜೋಡಿ ಎಳೆ ಕೋಶದೊಳಗೆ ಕಂಡರೆ ಡೈಸರ್ ಅನ್ನೋ ಕಿಣ್ವ ಅದನ್ನ ಬೀನ್ಸ್ ಹೆಚ್ಚಿದ ಹಾಗೆ ಸುಮಾರು 21 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತೆ. ಚೂರನ್ನ ರಿಸ್ಕ್ ಅನ್ನೋ ಇನ್ನೊಂದು ಯಂತ್ರ ಎತ್ಕೊಂಡು ಒಂದು ಎಳೆ ಬಿಸಾಕಿ, ಇನ್ನೊಂದನ್ನ ಕೈಯಲ್ಲಿ ಚೀಟಿ ಹಿಡಿದ ಹಾಗೆ ಹಿಡ್ಕೊಂಡು ಹುಡುಕೋಕೆ ಹೊರಡುತ್ತೆ. ಚೀಟಿಗೆ ಹೊಂದೋ ನಕಲು ಸಿಕ್ಕರೆ ಕತ್ತರಿಸಿ ಮುಂದಿನದಕ್ಕೆ ಹೋಗುತ್ತೆ. ಒಂದೇ ಚೀಟಿಯಿಂದ ಎಷ್ಟೋ ನಕಲು ಹರಿಯಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಗ್ರೆಪ್ ಮಾಡಿ ಡಿಲೀಟ್ ಮಾಡೋ ಸ್ಕ್ರಿಪ್ಟ್. ನಾಲ್ಕು ಅಕ್ಷರಗಳ ವರ್ಣಮಾಲೆಯಲ್ಲಿ 21 ಅಕ್ಷರದ ಪದಗಳು 4 ಲಕ್ಷ ಕೋಟಿಗೂ ಹೆಚ್ಚು ಸಾಧ್ಯ. ಹಾಗಾಗಿ ಒಂದು ಜೀನನ್ನ ಗುರುತಿಸೋಕೆ ಅಷ್ಟು ಉದ್ದ ಧಾರಾಳ ಸಾಕು. ಅರೆಬರೆ ಹೊಂದಾಣಿಕೆಗೂ ಯಂತ್ರ ಕೈ ಹಾಕೋದುಂಟು. ಅದಕ್ಕೇ ಚೀಟಿ ಬರೆಯುವಾಗ ಎಚ್ಚರ ಬೇಕು. ವೈರಸ್ಸುಗಳು ಎಷ್ಟೋ ಸಲ ಜೋಡಿ ಎಳೆಯ ರೂಪದಲ್ಲಿ ನುಗ್ಗೋದರಿಂದ ಗಿಡಗಳಿಗೂ ಹುಳಗಳಿಗೂ ಇದು ಹಳೇ ಕಾವಲು ವ್ಯವಸ್ಥೆ.

ಇಲ್ಲಿ ಹುಳ ಎಲ್ಲರಿಗೂ ಒಂದು ಭ್ರಮೆ ಹುಟ್ಟಿಸಿತ್ತು. ಈ ಹುಳಕ್ಕೆ ಆರ್‌ಎನ್‌ಎ ಕೊಡೋದು ಎಷ್ಟು ಸುಲಭ ಅಂದ್ರೆ, ಜೋಡಿ ಎಳೆ ಕರಗಿಸಿದ ನೀರಲ್ಲಿ ಅದನ್ನ ನೆನೆಸಿಟ್ಟರೂ ಸಾಕು, ಜೋಡಿ ಎಳೆ ತಯಾರಿಸೋ ಬ್ಯಾಕ್ಟೀರಿಯಾ ತಿನ್ನಿಸಿದರೂ ಸಾಕು. ಮೈತುಂಬಾ ಹರಡಿ ಮರಿಗಳಿಗೂ ದಾಟುತ್ತೆ. ಯಾಕೆ ಅಂತ 2002ರಲ್ಲಿ ಹಾರ್ವರ್ಡಿನ ಕ್ರೇಗ್ ಹಂಟರ್ ತಂಡ ತೋರಿಸಿತು: ಆ ಹುಳದ ಕೋಶಗಳಿಗೆ ಜೋಡಿ ಆರ್‌ಎನ್‌ಎ ಒಳಗೆ ಬರೋಕೆ ಅಂತಲೇ ಒಂದು ಬಾಗಿಲಿದೆ. ಡೆಲಿವರಿ ಫ್ರೀ! ಮನುಷ್ಯನ ದೇಹ ಹಾಗೆ ಬಾಗಿಲು ತೆಗೆದು ಕೂತಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಉದ್ದದ ಜೋಡಿ ಎಳೆ ಕಂಡರೆ ಸಸ್ತನಿಗಳ ಕೋಶ ವೈರಸ್ ಬಂತು ಅಂತ ಊರಿಗೆಲ್ಲ ಕೇಳೋ ಹಾಗೆ ಗಂಟೆ ಬಾರಿಸಿ, ಇಡೀ ಕಾರ್ಖಾನೆಯನ್ನೇ ಬಂದ್ ಮಾಡುತ್ತೆ. ಜರ್ಮನಿಯ ಗೋಟಿಂಗೆನ್‌ನಲ್ಲಿ ಥಾಮಸ್ ಟುಶ್ಲ್ ಅವರ ಗುಂಪು ಇದಕ್ಕೆ ದಾರಿ ಕಂಡುಹಿಡಿಯಿತು. ಡೈಸರ್ ಮಾಡೋ ಕೆಲಸವನ್ನ ನಾವೇ ಮೊದಲು ಮಾಡಿದ್ರೆ? 21 ಅಕ್ಷರದ ಚೂರನ್ನೇ ನೇರವಾಗಿ ಕೊಟ್ಟರೆ? ಸೈದಾ ಎಲ್ಬಶೀರ್ ಮೊದಲ ಲೇಖಕಿಯಾಗಿ ಮೇ 2001ರಲ್ಲಿ ಬಂದ ಪ್ರಬಂಧ, ಮನುಷ್ಯನ ಕೋಶಗಳಲ್ಲಿ ಗಂಟೆ ಬಾರಿಸದೇ ಜೀನ್ ಸುಮ್ಮನಾಗುತ್ತೆ ಅಂತ ತೋರಿಸಿತು. ಈ ಚೂರಿಗೆ ಎಸ್‌ಐಆರ್‌ಎನ್‌ಎ ಅಂತ ಹೆಸರು.

ಗಮನಿಸಿ, ಅದು ಗಾಜಿನ ತಟ್ಟೆಯಲ್ಲಿದ್ದ ಕೋಶ. ಮೇಲಿಂದ ಕೊಬ್ಬಿನ ದ್ರಾವಣದ ಜೊತೆ ಸುರಿದರೆ ಒಳಗೆ ಹೋಗುತ್ತೆ. ಲ್ಯಾಪ್‌ಟಾಪಲ್ಲಿ ಓಡ್ತು.

ದುಡ್ಡು ಹರಿದು ಬರೋಕೆ ಇಷ್ಟು ಸಾಕಾಯ್ತು. 2002ರಲ್ಲಿ ಟುಶ್ಲ್, ಫಿಲಿಪ್ ಶಾರ್ಪ್ ಮೊದಲಾದವರು ಸೇರಿ ಅಮೆರಿಕದ ಕೇಂಬ್ರಿಜಿನಲ್ಲಿ ಅಲ್‌ನೈಲಮ್ ಕಂಪನಿ ಕಟ್ಟಿದರು. ಆಕಾಶದ ಮಹಾವ್ಯಾಧನ ಸೊಂಟಪಟ್ಟಿಯ ನಡುವಿನ ನಕ್ಷತ್ರದಿಂದ ಬಂದ ಹೆಸರು ಅದು. 2006ರ ಅಕ್ಟೋಬರಿನಲ್ಲಿ ಫೈರ್ ಮತ್ತು ಮೆಲ್ಲೊಗೆ ನೊಬೆಲ್. ಅದೇ ತಿಂಗಳು ಮರ್ಕ್ ಕಂಪನಿ ಸಿರ್ನಾ ಅನ್ನೋ ಪುಟ್ಟ ಆರ್‌ಎನ್‌ಎಐ ಕಂಪನಿಯನ್ನ 110 ಕೋಟಿ ಡಾಲರಿಗೆ ಕೊಳ್ಳೋದಾಗಿ ಪ್ರಕಟಿಸಿತು. ಮರುವರ್ಷ ರೋಶ್ ಕಂಪನಿಯೂ ಅಲ್‌ನೈಲಮ್ ಜೊತೆ ದೊಡ್ಡ ಒಪ್ಪಂದ ಮಾಡ್ಕೊಂಡ್ತು. ತರ್ಕ ಸರಳ: ಯಾವ ಕಾಯಿಲೆಗೆ ಯಾವ ಜೀನ್ ಕಾರಣ ಅಂತ ಗೊತ್ತಾದ್ರೆ ಸಾಕು, 21 ಅಕ್ಷರ ಟೈಪ್ ಮಾಡಿದ್ರೆ ಔಷಧಿ ರೆಡಿ.

ಆ ಚೂರನ್ನ ರಕ್ತಕ್ಕೆ ಬಿಟ್ಟರೆ ಏನಾಗುತ್ತೆ ನೋಡಿ. ರಕ್ತದಲ್ಲಿರೋ ಕಿಣ್ವಗಳು ನಿಮಿಷಗಳಲ್ಲಿ ಅದನ್ನ ಅಗಿದು ಹಾಕ್ತವೆ. ಉಳಿದದ್ದನ್ನ ಕಿಡ್ನಿ ಸೋಸಿ ಮೂತ್ರಕ್ಕೆ ಕಳಿಸುತ್ತೆ. ಅದನ್ನೂ ದಾಟಿ ಕೋಶದ ಹತ್ತಿರ ಬಂದ್ರೆ ಒಳಗೆ ಹೋಗೋಕಾಗಲ್ಲ. ಕೋಶದ ಗೋಡೆ ಕೊಬ್ಬಿನದು, ಚೂರಿನ ಮೈತುಂಬ ಋಣ ವಿದ್ಯುದಂಶ, ಜೊತೆಗೆ ಆಸ್ಪಿರಿನ್ ಅಣುವಿಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ಭಾರ. ಹೇಗೋ ಕೋಶ ಅದನ್ನ ನುಂಗಿತು ಅಂತಿಟ್ಕೊಂಡರೂ, ನುಂಗಿದ್ದು ಎಂಡೋಸೋಮ್ ಅನ್ನೋ ಚೀಲದೊಳಗೆ ಬಂಧಿ. ಚೀಲ ಕ್ರಮೇಣ ಹುಳಿಯಾಗಿ, ಒಳಗಿದ್ದದ್ದು ಜೀರ್ಣ ಆಗಿಹೋಗುತ್ತೆ. ಮನೆ ಕಾಂಪೌಂಡ್ ಒಳಗೆ ಬಂದ ಪಾರ್ಸಲ್ಲನ್ನ ನಾಯಿ ಕಚ್ಕೊಂಡು ಹೋದ ಹಾಗೆ.

ಹಾಗಾಗಿ ಮೊದಲು ಎಲ್ಲರೂ ಕಣ್ಣಿನ ಕಡೆ ನೋಡಿದರು. ಕಣ್ಣು ಒಂದು ಮುಚ್ಚಿದ ಕೋಣೆ, ಸೂಜಿಯಲ್ಲಿ ನೇರ ಒಳಗೇ ಹಾಕಬಹುದು. ರೆಟಿನಾದಲ್ಲಿ ಅಡ್ಡಾದಿಡ್ಡಿ ರಕ್ತನಾಳ ಬೆಳೆಯೋ ಕಾಯಿಲೆಗೆ ಬೆವಾಸಿರಾನಿಬ್ ಅನ್ನೋ ಔಷಧಿ ಮನುಷ್ಯರ ಮೇಲಿನ ಪ್ರಯೋಗದ ಕೊನೆ ಹಂತದವರೆಗೂ ಹೋಗಿ 2009ರಲ್ಲಿ ನಿಂತುಹೋಯ್ತು. ಅದಕ್ಕೆ ಒಂದು ವರ್ಷ ಮೊದಲು ‘ನೇಚರ್’ನಲ್ಲಿ ಬಂದ ಅಧ್ಯಯನವೊಂದು ಎಲ್ಲರನ್ನೂ ತಣ್ಣಗಾಗಿಸಿತ್ತು. ಇಲಿಗಳ ಕಣ್ಣಿನಲ್ಲಿ ಅಂಥ ಚೂರು ಕೋಶದ ಒಳಗೆ ಹೋಗದೆ, ಹೊರಗಿನಿಂದಲೇ ರೋಗನಿರೋಧಕ ಗಂಟೆ ತಟ್ಟಿ ರಕ್ತನಾಳ ಕುಗ್ಗಿಸ್ತಿತ್ತು. ಅದರಲ್ಲಿ ಯಾವ 21 ಅಕ್ಷರ ಬರೆದಿದ್ದರೂ ಫಲ ಒಂದೇ! ಪರಿಣಾಮ ಕಂಡಿದೆ ಅಂದ ಮಾತ್ರಕ್ಕೆ ನಾವಂದುಕೊಂಡ ಕೋಡೇ ಓಡಿದೆ ಅಂತಲ್ಲ.

ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೊರಟಿತು. 2010ರ ನವೆಂಬರಿನಲ್ಲಿ ರೋಶ್ ಕಂಪನಿ ಆರ್‌ಎನ್‌ಎಐ ಕೆಲಸವನ್ನೇ ಕೈಬಿಟ್ಟಿತು. ಬೇರೆ ದೊಡ್ಡ ಕಂಪನಿಗಳೂ ಹಿಂದೆಯೇ ಜಾಗ ಖಾಲಿ ಮಾಡಿದವು. ಅಲ್‌ನೈಲಮ್ ತನ್ನ ಸಿಬ್ಬಂದಿಯಲ್ಲಿ ಬಹಳ ಮಂದಿಯನ್ನ ಮನೆಗೆ ಕಳಿಸಿತು. 110 ಕೋಟಿ ಕೊಟ್ಟು ಕೊಂಡಿದ್ದ ಸಿರ್ನಾವನ್ನ ಮರ್ಕ್ 2014ರಲ್ಲಿ ಅಲ್‌ನೈಲಮ್‌ಗೇ ಮಾರಿತು, ಸುಮಾರು 17.5 ಕೋಟಿ ಡಾಲರಿಗೆ. ಷೇರು ಪೇಟೆಯ ಲೆಕ್ಕದಲ್ಲಿ ವಿದ್ಯೆ ಸತ್ತಂತೆಯೇ. ಆದರೆ ಆ ಹೊತ್ತಿಗೆ ಹುಳದಲ್ಲಿ, ತಟ್ಟೆಯಲ್ಲಿ ಅದು ಸುಳ್ಳು ಅಂತ ಯಾರೂ ತೋರಿಸಿರಲಿಲ್ಲ. ಚೀಟಿ ಸರಿಯಾಗೇ ಇತ್ತು. ಅಂಚೆ ಇರಲಿಲ್ಲ.

ಈ ಅಂಚೆಗಾಗಿ ಯಾರು ಕಾಯ್ತಿದ್ರು ಅಂತ ತಿಳಿಯೋಕೆ ಈಗ ಪೋರ್ಚುಗಲ್ಲಿಗೆ ಹೋಗಬೇಕು. 1939ರಲ್ಲಿ ಪೋರ್ತೊ ನಗರದ ಸಾಂತೊ ಆಂತೋನಿಯೊ ಆಸ್ಪತ್ರೆಯ ನರವೈದ್ಯ ಕೊರಿನೊ ಆಂದ್ರಾದೆ ಅವರ ಹತ್ತಿರ 37 ವರ್ಷದ ಹೆಂಗಸೊಬ್ಬಳು ಬಂದಳು. ಪೋವೋವಾ ದೆ ವರ್ಜಿಮ್ ಅನ್ನೋ ಮೀನುಗಾರರ ಊರಿನವಳು. ಪಾದಗಳಲ್ಲಿ ಸ್ಪರ್ಶ ಹೋಗಿತ್ತು, ಕಾಲು ಸೋಲ್ತಿತ್ತು. ಊರಲ್ಲಿ ಬಹಳ ಜನಕ್ಕೆ ಹೀಗೇ ಆಗುತ್ತೆ ಅಂತ ಗೊತ್ತಾಯ್ತು. ಅಲ್ಲಿನವರು ಅದಕ್ಕೆ “ಪುಟ್ಟ ಪಾದಗಳ ಕಾಯಿಲೆ” ಅಂತಲೇ ಕರೀತಿದ್ರು. ಅಪ್ಪನಿಗಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರೋ ಕಾಯಿಲೆ. ದುಡಿಯೋ ವಯಸ್ಸಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಪಾದದಿಂದ ಶುರುವಾಗಿ ಮೇಲೇರಿ ಹೊಟ್ಟೆ, ಹೃದಯ ಹಿಡಿದು ಹತ್ತು ಹದಿನೈದು ವರ್ಷದಲ್ಲಿ ಮುಗಿಸಿಬಿಡ್ತಿತ್ತು. ಆಂದ್ರಾದೆ 1952ರಲ್ಲಿ ಇದನ್ನ ವಿವರವಾಗಿ ಬರೆದರು.

ಕಾರಣ ಆಮೇಲೆ ತಿಳೀತು. ಲಿವರ್ ತಯಾರಿಸೋ ಟ್ರಾನ್ಸ್‌ಥೈರೆಟಿನ್ ಅನ್ನೋ ಪ್ರೋಟೀನಿನಲ್ಲಿ ಒಂದು ಅಕ್ಷರದ ತಪ್ಪು. ಪ್ರೋಟೀನ್ ಬಿಡಿಬಿಡಿಯಾಗಿ, ನಾರಿನ ಹಾಗೆ ಹೆಣೆದುಕೊಂಡು ನರಗಳ ಮೇಲೆ ಜಮಾ ಆಗುತ್ತೆ. 1990ರಿಂದ ಇದ್ದ ಚಿಕಿತ್ಸೆ ಅಂದ್ರೆ ಲಿವರನ್ನೇ ಬದಲಿಸೋದು. ಒಂದು ಪ್ರೋಟೀನ್ ನಿಲ್ಲಿಸೋಕೆ ಇಡೀ ಅಂಗ ಕಿತ್ತು ಹಾಕೋದು! ಆರ್‌ಎನ್‌ಎಐನವರಿಗೆ ಇದಕ್ಕಿಂತ ಸೂಕ್ತ ಕಾಯಿಲೆ ಇನ್ನೊಂದಿರಲಿಲ್ಲ. ತಪ್ಪು ಮಾಡ್ತಿರೋ ಜೀನ್ ಒಂದು, ಅಂಗ ಒಂದು.

ಅಂಚೆ ಬಂದದ್ದು ಕೆನಡಾದಿಂದ. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕಲ್ಲಿಸ್ ದಶಕಗಳಿಂದ ಕೊಬ್ಬಿನ ಪದರಗಳ ಭೌತಶಾಸ್ತ್ರ ಓದಿಕೊಂಡು ಕೂತಿದ್ದವರು. ಅವರ ವಲಯದ ಮತ್ತು ಅಲ್‌ನೈಲಮ್‌ನ ರಸಾಯನತಜ್ಞರು ಸೇರಿ ಒಂದು ವಿಚಿತ್ರ ಕೊಬ್ಬನ್ನು ಹುಡುಕಿದರು. ರಕ್ತದಲ್ಲಿ ಇರುವಾಗ ಅದಕ್ಕೆ ವಿದ್ಯುದಂಶ ಇಲ್ಲ, ಯಾರ ತಂಟೆಗೂ ಹೋಗಲ್ಲ. ಹುಳಿ ಚೀಲದೊಳಗೆ ಬಂದ ತಕ್ಷಣ ಧನ ಆಗುತ್ತೆ, ಚೀಲದ ಗೋಡೆಗೆ ಅಂಟಿ ಅದನ್ನ ಹರಿಯುತ್ತೆ. ನೂರಾರು ಕೊಬ್ಬುಗಳನ್ನ ತಯಾರಿಸಿ, ಇಲಿಗಳಿಗೆ ಚುಚ್ಚಿ ಚುಚ್ಚಿ ಜರಡಿ ಹಿಡಿದ ಮೇಲೆ ಎಂಸಿ3 ಅನ್ನೋದು ಗೆದ್ದಿತು. ಚೀಟಿಯನ್ನ ಈ ಕೊಬ್ಬಿನ ಸೂಕ್ಷ್ಮ ಉಂಡೆಯೊಳಗೆ ಕಟ್ಟಿದರೆ ರಕ್ತದಲ್ಲಿರೋ ಎಪಿಒಇ ಅನ್ನೋ ಪ್ರೋಟೀನ್ ಉಂಡೆಗೆ ತಾನಾಗಿ ಮೆತ್ತಿಕೊಳ್ಳುತ್ತೆ. ಆ ಪ್ರೋಟೀನ್ ಮೆತ್ತಿದ್ದೆಲ್ಲ ಕೊಲೆಸ್ಟರಾಲ್ ಸರಕು ಅಂದ್ಕೊಂಡು ಲಿವರ್ ಒಳಗೆ ಬಿಟ್ಕೊಳ್ಳುತ್ತೆ. ಇಷ್ಟಾದ್ರೂ ಚೀಲದಿಂದ ತಪ್ಪಿಸಿಕೊಂಡು ಹೊರಬರೋದು ನೂರಕ್ಕೆ ಒಂದೋ ಎರಡೋ ಚೂರು. ಕತ್ತರಿಸೋ ಯಂತ್ರ ಒಂದೇ ಚೀಟಿಯಲ್ಲಿ ಎಷ್ಟೋ ನಕಲು ಹರಿಯೋದರಿಂದ ಅಷ್ಟೇ ಸಾಕಾಯ್ತು.

2013ರಲ್ಲಿ ಈ ಉಂಡೆಗಳು ಮನುಷ್ಯರಲ್ಲಿ ಟ್ರಾನ್ಸ್‌ಥೈರೆಟಿನ್ ಇಳಿಸ್ತವೆ ಅಂತ ತೋರಿಸಿದ ಪ್ರಬಂಧ ಬಂತು. ಅದರ ಮೊದಲ ಲೇಖಕಿ ತೆರೆಜಾ ಕೊಯೆಲ್ಯೊ. ಪೋರ್ತೊದ ಅದೇ ಸಾಂತೊ ಆಂತೋನಿಯೊ ಆಸ್ಪತ್ರೆಯ ವೈದ್ಯೆ. ಆಂದ್ರಾದೆ 2005ರಲ್ಲೇ ತೀರಿಕೊಂಡಿದ್ದರು.

ಮುಂದಿನ ದೊಡ್ಡ ಪ್ರಯೋಗದಲ್ಲಿ 225 ರೋಗಿಗಳು. 18 ತಿಂಗಳ ಕೊನೆಗೆ, ಔಷಧಿ ಪಡೆದವರ ರಕ್ತದಲ್ಲಿ ಆ ಪ್ರೋಟೀನ್ ಶೇ. 80ರ ಆಸುಪಾಸು ಇಳಿದಿತ್ತು. ನರಗಳ ಹಾನಿ ಅಳೆಯೋ ಅಂಕ, ಉಪ್ಪುನೀರು ಪಡೆದವರಲ್ಲಿ ಸರಾಸರಿ 28 ಏರಿದ್ದರೆ ಔಷಧಿ ಪಡೆದವರಲ್ಲಿ 6 ಇಳಿದಿತ್ತು. ಬರೀ ಏರೋದಷ್ಟೇ ಗೊತ್ತಿದ್ದ ಕಾಯಿಲೆಯಲ್ಲಿ ಅಂಕ ಇಳಿದಿತ್ತು. 2018ರ ಆಗಸ್ಟ್ 10ರಂದು ಅಮೆರಿಕದ ಎಫ್‌ಡಿಎ ಪ್ಯಾಟಿಸಿರಾನ್‌ಗೆ ಅನುಮತಿ ಕೊಟ್ಟಿತು. ಜಗತ್ತಿನ ಮೊದಲ ಆರ್‌ಎನ್‌ಎಐ ಔಷಧಿ.

ಎರಡೇ ವರ್ಷದಲ್ಲಿ ಕೋವಿಡ್ ಬಂದಾಗ ಇದೇ ವಂಶದ ಕೊಬ್ಬಿನ ಉಂಡೆಯೊಳಗೆ ಬೇರೆ ಆರ್‌ಎನ್‌ಎ ತುಂಬಿ ಫೈಜರ್, ಮಾಡರ್ನಾ ಲಸಿಕೆಗಳು ಬಂದವು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೊವ್ಯಾಕ್ಸಿನ್ ಬೇರೆ ಜಾತಿಯವು. ಆದರೆ ಅಮೆರಿಕದಲ್ಲಿರೋ ನಿಮ್ಮ ಕಸಿನ್ ತೋಳಿಗೆ ಇಳಿದದ್ದರ ಪೂರ್ವಜರು ಈ ನರರೋಗದ ಪ್ರಯೋಗಗಳಲ್ಲಿದ್ದಾರೆ.

ಕೊಬ್ಬಿನ ಉಂಡೆಗೂ ಒಂದು ಕಿರಿಕಿರಿ ಇತ್ತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಮೈ ಒಗ್ಗದಿರಬಾರದು ಅಂತ ಮೊದಲೇ ಸ್ಟೆರಾಯ್ಡ್ ತಗೊಂಡು, ಡ್ರಿಪ್ ಹಾಕಿಸಿಕೊಳ್ಳಬೇಕು. ಇನ್ನೂ ಸರಳ ದಾರಿಯೊಂದು ಅರ್ಧ ಶತಮಾನದಿಂದ ಕಪಾಟಿನಲ್ಲಿ ಬಿದ್ದಿತ್ತು.

1960ರ ದಶಕದಲ್ಲಿ ಅಮೆರಿಕದ ಗಿಲ್ಬರ್ಟ್ ಆಶ್‌ವೆಲ್ ಮತ್ತು ಅನತೋಲ್ ಮೊರೆಲ್ ರಕ್ತದಲ್ಲಿ ತಾಮ್ರ ಸಾಗಿಸೋ ಒಂದು ಪ್ರೋಟೀನಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಅದರ ತುದಿಯಲ್ಲಿದ್ದ ಸಕ್ಕರೆಯನ್ನು ಕತ್ತರಿಸಿ ಮೊಲಗಳಿಗೆ ಚುಚ್ಚಿದಾಗ, ದಿನಗಟ್ಟಲೆ ರಕ್ತದಲ್ಲಿ ಸುತ್ತಾಡಬೇಕಿದ್ದ ಪ್ರೋಟೀನ್ ನಿಮಿಷಗಳಲ್ಲಿ ಮಾಯ. ಹುಡುಕಿದರೆ ಎಲ್ಲ ಲಿವರಿನಲ್ಲಿ. ತುದಿ ಕತ್ತರಿಸಿದ್ದರಿಂದ ಒಳಗಿನ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಹೊರಗೆ ಕಂಡಿತ್ತು. ಆ ಸಕ್ಕರೆ ಕಂಡರೆ ಎಳೆದು ಒಳಗೆ ಹಾಕಿಕೊಳ್ಳೋ ಕೊಕ್ಕೆಗಳು ಲಿವರ್ ಕೋಶಗಳ ಮೇಲೆ ಲಕ್ಷಗಟ್ಟಲೆ ಇವೆ ಅಂತ ಮುಂದೆ ಗೊತ್ತಾಯ್ತು. ಬೇರೆ ಅಂಗಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜಾನ್ಸ್ ಹಾಪ್ಕಿನ್ಸ್‌ನ ವೈ. ಸಿ. ಲೀ 1980ರ ದಶಕದಲ್ಲಿ ಇನ್ನೊಂದು ಮಾತು ಸೇರಿಸಿದರು: ಒಂದು ಸಕ್ಕರೆ ತೋರಿಸಿದರೆ ಕೊಕ್ಕೆ ಸಡಿಲವಾಗಿ ಹಿಡಿಯುತ್ತೆ, ಮೂರನ್ನ ಒಟ್ಟಿಗೆ ತೋರಿಸಿದರೆ ಸಾವಿರಾರು ಪಟ್ಟು ಬಿಗಿಯಾಗಿ.

ಇವರಲ್ಲಿ ಯಾರೂ ಜೀನ್ ಸುಮ್ಮನಾಗಿಸೋಕೆ ಅಂತ ಹೊರಟವರಲ್ಲ; ಆ ಮಾತೇ ಆಗ ಹುಟ್ಟಿರಲಿಲ್ಲ. ಹಳ್ಳಿಗೆ ಪತ್ರ ಬರೆಯುವಾಗ ಮನೆ ನಂಬರು, ಬೀದಿ ಇಲ್ಲದಿದ್ರೆ “ಕೇರಾಫ್ ಕಿರಾಣಿ ಅಂಗಡಿ” ಅಂತ ಬರೀತಿದ್ವಿ, ಪತ್ರ ತಪ್ಪದೆ ಮುಟ್ಟುತಿತ್ತು. ಅಲ್‌ನೈಲಮ್‌ನಲ್ಲಿ ಭಾರತೀಯ ಮೂಲದ ರಸಾಯನಶಾಸ್ತ್ರಜ್ಞ ಮುತ್ತಯ್ಯ ಮನೋಹರನ್ ಅವರ ತಂಡ ಮಾಡಿದ್ದು ಅಂಥದ್ದೇ ಕೆಲಸ. ಚೀಟಿಯ ಬಾಲಕ್ಕೆ ಗ್ಯಾಲ್‌ನ್ಯಾಕ್ ಅನ್ನೋ ಸಕ್ಕರೆಯ ಮೂರು ತುಣುಕು ಕಟ್ಟಿದರು. ಕೇರಾಫ್ ಲಿವರ್. ಜೊತೆಗೆ ಅಕ್ಷರಗಳ ರಾಸಾಯನಿಕ ರಚನೆಯಲ್ಲಿ ಅಲ್ಲಲ್ಲಿ ಫ್ಲೋರಿನ್, ಗಂಧಕದಂಥ ಚಿಕ್ಕ ಬದಲಾವಣೆ ಮಾಡಿ ಕಿಣ್ವಗಳು ಕಚ್ಚೋಕೆ ಆಗದ ಹಾಗೆ ಗಟ್ಟಿ ಮಾಡಿದರು. ಉಂಡೆ ಬೇಡ, ಡ್ರಿಪ್ ಬೇಡ. ಇನ್ಸುಲಿನ್ ಹಾಗೆ ಚರ್ಮದಡಿ ಚುಚ್ಚಿದರೆ ಸಾಕು.

ಇದೂ ಒಂದೇ ಏಟಿಗೆ ಆಗ್ಲಿಲ್ಲ. ಈ ಬಗೆಯ ಮೊದಲ ಔಷಧಿಗಳಲ್ಲೊಂದಾದ ರೆವುಸಿರಾನ್ ಅದೇ ಟ್ರಾನ್ಸ್‌ಥೈರೆಟಿನ್ ಕಾಯಿಲೆಯ ಹೃದಯ ರೋಗಿಗಳ ಮೇಲೆ ಪ್ರಯೋಗದಲ್ಲಿದ್ದಾಗ, ಔಷಧಿ ಪಡೆದ ಗುಂಪಿನಲ್ಲಿ ಸಾವು ಹೆಚ್ಚಾಗಿ ಕಂಡು 2016ರ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯ್ತು. ಅದರ ಡೋಸ್ ವಾರಕ್ಕೆ 500 ಮಿಲಿಗ್ರಾಂ. ಇನ್ನೂ ಗಟ್ಟಿಯಾಗಿ ಕಟ್ಟಿದ ಮುಂದಿನ ಔಷಧಿ ವುಟ್ರಿಸಿರಾನ್ 2022ರಲ್ಲಿ ಅನುಮತಿ ಪಡೆಯಿತು. ಅದರ ಡೋಸ್ ಮೂರು ತಿಂಗಳಿಗೊಮ್ಮೆ 25 ಮಿಲಿಗ್ರಾಂ. ಅದೇ ಜೀನ್, ಅದೇ ಅಂಗ, ಅದೇ ಸಕ್ಕರೆ.

ಇಷ್ಟು ಕಡಿಮೆ ಔಷಧಿ ಇಷ್ಟು ದಿನ ಹೇಗೆ ಬಾಳುತ್ತೆ ಅನ್ನೋದರಲ್ಲಿ ನನಗೆ ತುಂಬಾ ಹಿಡಿಸಿದ ತಮಾಷೆ ಇದೆ. ಮೊದಲು ಶತ್ರು ಆಗಿದ್ದ ಹುಳಿ ಚೀಲ ಈಗ ಉಗ್ರಾಣ. ಗಟ್ಟಿಯಾದ ಚೂರು ಅಲ್ಲಿ ಜೀರ್ಣ ಆಗದೆ ಉಳಿದು, ತಿಂಗಳುಗಟ್ಟಲೆ ಚೂರುಚೂರಾಗಿ ಹೊರಗೆ ಸೋರುತ್ತೆ. ನಮ್ಮ ಕಡೆ ಮನೆ ಮುಂದೆ ನೆಲ ಅಗೆದು ಹಗೇವಿನಲ್ಲಿ ಜೋಳ ತುಂಬಿ, ಬೇಕಾದಾಗ ತೆಗೆದು ವರ್ಷ ದೂಡ್ತಿದ್ರಲ್ಲ, ಹಾಗೆ. ಇನ್‌ಕ್ಲಿಸಿರಾನ್ ಅನ್ನೋ ಔಷಧಿ ಪಿಸಿಎಸ್‌ಕೆ9 ಅನ್ನೋ ಜೀನನ್ನ ಸುಮ್ಮನಾಗಿಸಿ ಕೆಟ್ಟ ಕೊಲೆಸ್ಟರಾಲನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ. ಯುರೋಪಿನಲ್ಲಿ 2020ರಲ್ಲೂ ಅಮೆರಿಕದಲ್ಲಿ 2021ರಲ್ಲೂ ಅನುಮತಿ ಸಿಕ್ಕಿತು. ಶುರುವಿನ ಎರಡು ಚುಚ್ಚುಮದ್ದಿನ ನಂತರ ವರ್ಷಕ್ಕೆ ಎರಡೇ. ಆಫೀಸಿನ ವಾರ್ಷಿಕ ಚೆಕಪ್ ರಿಪೋರ್ಟಿನಲ್ಲಿ ಎಲ್‌ಡಿಎಲ್ ಮುಂದೆ ಕೆಂಪು ಗುರುತು ನೋಡಿ ರಿಪೋರ್ಟನ್ನ ಡ್ರಾಯರಿಗೆ ತಳ್ಳೋ ನಮ್ಮ ವಯಸ್ಸಿನವರಿಗೆ ಈ ಇತಿಹಾಸ ಅಷ್ಟೇನೂ ದೂರದ್ದಲ್ಲ.

ಹಾಗಂತ ದಾರಿ ಮುಗಿದಿಲ್ಲ. ಇಲ್ಲಿವರೆಗೆ ಬಂದ ಆರ್‌ಎನ್‌ಎಐ ಔಷಧಿಗಳೆಲ್ಲ ಹೆಚ್ಚುಕಮ್ಮಿ ಲಿವರಿಗೇ ಹೋಗೋವು. ಮೆದುಳು, ಸ್ನಾಯು, ಶ್ವಾಸಕೋಶಕ್ಕೆ ಅಷ್ಟು ಖಾತ್ರಿಯ ಕೇರಾಫ್ ಇನ್ನೂ ಸಿಕ್ಕಿಲ್ಲ, ಪ್ರಯೋಗ ನಡೀತಿವೆ. ಹಂಟಿಂಗ್ಟನ್ ಕಾಯಿಲೆಯ ಜೀನ್ ಯಾವುದು ಅಂತ 1993ರಿಂದ ಗೊತ್ತು. ಅದರ ಚೀಟಿ ಬರೆಯೋದು ಕಾಲೇಜು ಹುಡುಗನಿಗೂ ಬರುತ್ತೆ.

ಇನ್ನೊಂದು ದೂರ ರಸಾಯನಶಾಸ್ತ್ರದ ಆಚೆಗಿದೆ. ಪ್ಯಾಟಿಸಿರಾನ್ ಬಂದಾಗ ಅಮೆರಿಕದಲ್ಲಿ ಅದರ ನಮೂದಿತ ಬೆಲೆ ವರ್ಷಕ್ಕೆ 4.5 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ, ಪ್ರತಿ ವರ್ಷ. ನಮ್ಮ ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಟ್ಟಿಯಲ್ಲಿರೋ ಕಾಯಿಲೆಯ ರೋಗಿಯೊಬ್ಬರಿಗೆ ಸಿಗೋ ನೆರವಿನ ಮಿತಿ 50 ಲಕ್ಷ. ಕೋಶದ ಗೋಡೆ ದಾಟೋಕೆ ಇಪ್ಪತ್ತು ವರ್ಷ ತಗೊಂಡ ಚೀಟಿ ಈ ಗೋಡೆ ಮುಂದೆ ಮತ್ತೆ ನಿಂತಿದೆ.

ಸ್ಟಾರ್ಟಪ್ ಸಭೆಗಳಲ್ಲಿ ಐಡಿಯಾ ಇದ್ದವನೇ ದೊಡ್ಡವನು ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಆಶ್‌ವೆಲ್ ಮತ್ತು ಮೊರೆಲ್ ನೆನಪಾಗ್ತಾರೆ, ಕೊಬ್ಬಿನ ಪದರ ನೋಡ್ತಾ ಮೂರು ದಶಕ ಕಳೆದ ಕಲ್ಲಿಸ್ ನೆನಪಾಗ್ತಾರೆ. ಫೈರ್, ಮೆಲ್ಲೊ ಅವರ ನೊಬೆಲ್ ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೋವೋವಾ ದೆ ವರ್ಜಿಮ್‌ನ ಯಾವುದೋ ಮನೆಯಲ್ಲಿ ಅಪ್ಪನಿಂದ ಆ ಜೀನ್ ಪಡೆದ ಮಗನೊಬ್ಬ ಮೂವತ್ತೈದು ದಾಟಿಯೂ ತನ್ನ ಕಾಲ ಮೇಲೆ ದೋಣಿ ಹತ್ತಬೇಕಾದ್ರೆ, 1998ರ ಆ ಪ್ರಬಂಧ ಒಂದೇ ಸಾಲದು. ತುದಿ ಕತ್ತರಿಸಿದ ಪ್ರೋಟೀನ್ ಎಲ್ಲಿಗೆ ಹೋಯ್ತು ಅಂತ ಮೊಲದ ಲಿವರ್ ಬಗೆದು ನೋಡಿದವರೂ ಬೇಕು.